ಹಳೇ ತಮಟೆಗೆ ಎಷ್ಟು ಬೆಲೆ?



ನಮ್ಮ ಬೀದಿನಾಟಕದ ತಂಡಕ್ಕೆ ಒಂದು ತಮಟೆ ಬೇಕಿತ್ತು. ಇದ್ದದ್ದು ಫೈಬರ್ ತಮಟೆ. ಕಬ್ಬಿಣದ ಬಳೆ, ಪ್ಲಾಸ್ಟಿಕ್ ಹಾಳೆ, ಸುತ್ತ ನಟ್ಟು ಬೋಲ್ಟು. ಮಳೆಗೆ ಹೆದರೋದಿಲ್ಲ, ಬೆಂಕಿ ಕೇಳೋದಿಲ್ಲ, ಅದು ನಿಜ. ಆದರೆ ಅದರ ಸದ್ದು ಕಿವಿಗೆ ಹೊಡೆಯುತ್ತದೆ, ಎದೆಗೆ ಇಳಿಯೋದಿಲ್ಲ. ಮರದ ಬಳೆಗೆ ತೊಗಲು ಬಿಗಿದ ತಮಟೆಯೇ ಬೇಕು ಅಂತ ನಾವು ನಾಲ್ಕು ಜನ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರಿಗೆ ಹೋದೆವು. ಹೊಸದು ಮಾಡಿಸೋಕೆ ದುಡ್ಡು ಸಾಲದು, ಹಳೇದಾದರೆ ಅಗ್ಗಕ್ಕೆ ಸಿಗುತ್ತೆ ಅನ್ನೋದು ನಮ್ಮ ಲೆಕ್ಕ. ನಾವು ಹಾಕಿದ ಅಂಗಿ, ಬಿ.ಎ.ಗೆ ಓದಿದ ಪುಸ್ತಕ ಎಲ್ಲಾ ಹಳೇ ಮಾಲಿನ ಬಜಾರಿನಿಂದಲೇ ಬಂದವು. ಹಳೇದು ಅಂದರೆ ಅಗ್ಗ ಅಂತಲೇ ತಿಳಿದು ಬೆಳೆದವರು ನಾವು.

ಆ ಲೆಕ್ಕ ಅವತ್ತು ತಲೆಕೆಳಗಾಯಿತು. ಯಾಕೆ ಹಾಗಾಯಿತು ಅಂತ ಯೋಚಿಸುತ್ತ ಹೋದರೆ ಅದು ನಮ್ಮ ಪದ್ಯಗಳ ತನಕ ಬಂದು ಮುಟ್ಟಿತು. ಅದನ್ನು ಬರೆಯೋಕೇ ಈ ಲೇಖನ.

ನೆಲದ ಮೇಲೆ ಹರಡಿದ್ದ ಮಾಲಿನಲ್ಲಿ ತಮಟೆ ಸಿಗಲಿಲ್ಲ. ಯಾರೋ ಒಳಗಿನ ಗಲ್ಲಿಯ ಅಂಗಡಿ ತೋರಿಸಿದರು. ಹಿತ್ತಾಳೆ ದೀಪ, ನಿಂತುಹೋದ ಗಡಿಯಾರ, ಯಾವುದೋ ತೊಟ್ಟಿಮನೆಯ ಕೆತ್ತನೆ ಕಂಬ. ಇವುಗಳ ನಡುವೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಒಂದು ತಮಟೆ. ನಮ್ಮಲ್ಲೊಬ್ಬನಿಗೆ ನೋಡಿದ ಕೂಡಲೇ ಮೈ ಜುಮ್ಮೆಂದಿತು. ಅವರ ತಾತನ ತಮಟೆಯೂ ಹೀಗೇ ಇತ್ತಂತೆ. ಆದರೆ ಗೋಡೆ ಮೇಲಲ್ಲ, ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ಬೆಚ್ಚಗೆ ತಾಗುವ ಕಡೆ.

"ಎಷ್ಟು ಸಾಬ್ರೇ?"

"ಒಂಬತ್ತು ಸಾವಿರ. ಆಂಟಿಕ್ ಪೀಸು ತಮ್ಮಾ, ಅಸಲಿ ಮರ."

"ಯಾವೂರಿಂದು?"

"ಹಳ್ಳಿ ಕಡೇದು."

"ಯಾರು ಬಡೀತಿದ್ರು?"

ಸಾಬರು ನಕ್ಕರು. "ಅದು ಯಾರಿಗೆ ಗೊತ್ತಪ್ಪ? ಗೋಣಿಚೀಲದ ಲಾಟಲ್ಲಿ ಬಂತು. ಇದರ ಜೊತೇದು ಎರಡು ಒಂದು ರೆಸಾರ್ಟಿಗೆ ಹೋಯ್ತು, ಗೋಡೆಗೆ ಹಾಕೋಕೆ."

ಸಾಬರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ದಿನದ ವ್ಯಾಪಾರ ನೋಡಿಕೊಂಡು ಬದುಕೋರು. ಇಳಿಸಿ ಕೈಗೆ ಕೊಟ್ಟರು. ತೊಗಲು ಫಳಫಳ ಹೊಳೆಯುತ್ತಿತ್ತು. ಉಗುರಲ್ಲಿ ಕೆರೆದರೆ ಗೊತ್ತಾಯಿತು, ವಾರ್ನಿಶ್ ಬಳಿದಿದ್ದಾರೆ. ತಮಟೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಡಿಯೋ ಮುಂಚೆ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡೀಬೇಕು. ಬಿಸಿಗೆ ತೊಗಲು ಬಿಗಿದು ಸ್ವರ ಏಳುತ್ತದೆ. ವಾರ್ನಿಶ್ ಬಳಿದದ್ದನ್ನು ಬೆಂಕಿಗೆ ಹಿಡಿಯೋಕಾಗುತ್ತದೆಯೆ? ಗೋಡೆಗೆ ಹತ್ತಿಸುವ ಮುಂಚೆ ಅದರ ಗಂಟಲು ಕಟ್ಟಿದ್ದರು. ಒಂಬತ್ತು ಸಾವಿರ ಬೆಲೆ ಬಂದದ್ದು ಗಂಟಲು ಕಟ್ಟಿದ ಮೇಲೆ.

*

ಅದೇ ಅಂಗಡಿಯ ಮೂಲೆಯಲ್ಲಿ ಒಂದು ಹಳೇ ಡ್ರಮ್ ಸೆಟ್ಟೂ ಇತ್ತು. ದಂಡಿನ ಕಡೆಯ ಯಾವುದೋ ವಾದ್ಯಗೋಷ್ಠಿಯದ್ದಿರಬೇಕು. ಅದನ್ನು ನೋಡೋಕೆ ಒಬ್ಬರು ಬಂದಿದ್ದರು. ನಲವತ್ತರ ಆಸುಪಾಸು, ಕಂಪ್ಯೂಟರ್ ಕಂಪನಿಯ ಕೆಲಸ. ಅವರು ಡ್ರಮ್ಮನ್ನು ಬಡಿದು ನೋಡಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ಅದರ ಹೊಟ್ಟೆಯೊಳಗೆ ಇಣುಕಿದರು. ಏನು ಹುಡುಕ್ತಿದೀರಿ ಸಾರ್ ಅಂದೆವು. ತಯಾರಾದ ತಾರೀಖಿನ ಮೊಹರು ಅಂದರು. ಒಳ್ಳೆ ಮನುಷ್ಯ. ಅರ್ಧ ಗಂಟೆ ನಮಗೆ ಪಾಠ ಮಾಡಿದರು. ಆಮೇಲೆ ನಾವೂ ಓದಿಕೊಂಡೆವು.

ಅಮೆರಿಕದಲ್ಲಿ ಹಳೇ ಡ್ರಮ್ಮಿನ ಮಾರುಕಟ್ಟೆ ಅನ್ನೋದೇ ಒಂದು ಲೋಕ. ಲುಡ್ವಿಗ್ ಅನ್ನೋ ಕಂಪನಿ ಶಿಕಾಗೋದಲ್ಲಿ ಹುಟ್ಟಿದ್ದು 1909ರಲ್ಲಿ. ಗ್ರೆಚ್ ಅನ್ನೋದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 1883ರಲ್ಲಿ. ಡ್ರಮ್ಮಿನ ಮೈಮೇಲೆ ತಗಡಿನ ಬಿಲ್ಲೆ ಇರುತ್ತದೆ. ಆ ಬಿಲ್ಲೆ ದುಂಡಗಿದೆಯೋ, ಕಮಾನಿನ ನಡುಗಲ್ಲಿನ ಆಕಾರದ್ದೋ ಅನ್ನೋದರ ಮೇಲೆ ಕಾಲ ಹೇಳುತ್ತಾರೆ. ಲುಡ್ವಿಗ್ 1963ರ ಕೊನೆಯಿಂದ ಬಿಲ್ಲೆ ಮೇಲೆ ನಂಬರು ಹಾಕತೊಡಗಿತು. ಒಳಗಡೆ ಕೆಂಪು ಮಸಿಯಲ್ಲಿ ತಾರೀಖು ಒತ್ತಿದ್ದೂ ಉಂಟು. ಬಣ್ಣದ ಹೊದಿಕೆ ಮೊದಲಿನದೇ ಇರಬೇಕು. ಯಾರಾದರೂ ತನ್ನ ಅನುಕೂಲಕ್ಕೆ ಒಂದು ತೂತು ಹೆಚ್ಚಿಗೆ ಕೊರೆದಿದ್ದರೆ ಬೆಲೆ ಇಳಿಯುತ್ತದೆ. 1964ರ ಫೆಬ್ರವರಿ 9ರ ರಾತ್ರಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಅಮೆರಿಕದ ಟೀವಿಯಲ್ಲಿ ಲುಡ್ವಿಗ್ ಡ್ರಮ್ ಬಾರಿಸಿದ್ದನ್ನು ಏಳು ಕೋಟಿಗೂ ಮಿಕ್ಕಿ ಜನ ನೋಡಿದರು. ಆತನ ಒಂದು ಲುಡ್ವಿಗ್ ಸೆಟ್ಟು 2015ರ ಡಿಸೆಂಬರಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಮೇಲೆ ಹೋಯಿತು.

ಇದನ್ನು ಕೇಳಿ ನಾವು ಹೊಟ್ಟೆಕಿಚ್ಚು ಪಡಲಿಲ್ಲ. ಒಂದು ವಾದ್ಯವನ್ನು ಯಾವ ಕಾರ್ಖಾನೆ, ಯಾವ ವರ್ಷ, ಯಾವ ಮರ ಅಂತ ಇಷ್ಟು ಪ್ರೀತಿಯಿಂದ ಕೇಳೋದು ಒಳ್ಳೇದೇ. ನಮ್ಮ ಪ್ರಶ್ನೆ ಬೇರೆ. ಅದೇ ಮನುಷ್ಯ, ಅದೇ ಅಂಗಡಿಯಲ್ಲಿ, ನಾಲ್ಕು ಅಡಿ ದೂರದ ಗೋಡೆಯಲ್ಲಿದ್ದ ತಮಟೆಗೆ ಈ ಪ್ರಶ್ನೆಗಳಲ್ಲಿ ಒಂದನ್ನೂ ಯಾಕೆ ಕೇಳಲಿಲ್ಲ? ಅದರ ಹೊಟ್ಟೆಯೊಳಗೆ ಯಾಕೆ ಬೆಳಕು ಬಿಡಲಿಲ್ಲ? ಡ್ರಮ್ಮಿಗೆ ಚರಿತ್ರೆ ಇದೆ, ತಮಟೆಗೆ ಬರೀ ಹಳೇತನ ಇದೆ ಅಂತ ತಾನೆ ಆ ಗೋಡೆ ಹೇಳುತ್ತಿದ್ದದ್ದು?

*

ಹಾಗಂತ ಬಿಲ್ಲೆ ಇರುವ ಡ್ರಮ್ಮಾದರೂ ಪೂರ್ತಿ ಚರಿತ್ರೆ ಹೇಳುತ್ತದೆಯೆ? ಅದೂ ಇಲ್ಲ.

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಸ್ಟೋನೊ ನದಿಯ ಹತ್ತಿರ ಗುಲಾಮರು ಬಂಡೆದ್ದರು. ಡೋಲು ಬಾರಿಸುತ್ತಾ ನಡೆದರು, ಸದ್ದು ಕೇಳಿ ಇನ್ನಷ್ಟು ಜನ ಬಂದು ಸೇರಿದರು. ಬಂಡಾಯವನ್ನು ರಕ್ತದಲ್ಲಿ ಮುಳುಗಿಸಿದ ಮೇಲೆ, 1740ರಲ್ಲಿ ತಂದ ಕಾಯ್ದೆ ಗುಲಾಮರು ಡೋಲು, ಕಹಳೆ ಇಟ್ಟುಕೊಳ್ಳೋದನ್ನೇ ನಿಷೇಧಿಸಿತು. ಒಡೆಯರಿಗೆ ಡೋಲಿನ ಅರ್ಥ ಚೆನ್ನಾಗೇ ಗೊತ್ತಿತ್ತು. ನ್ಯೂ ಆರ್ಲಿಯನ್ಸ್ ಊರಿನಲ್ಲಿ ಮಾತ್ರ ಕಾಂಗೋ ಚೌಕ ಅನ್ನೋ ಬಯಲಲ್ಲಿ ಭಾನುವಾರ ಕರಿಯರು ಸೇರಿ ಬಾರಿಸೋದು, ಕುಣಿಯೋದು ನಡೀತಿತ್ತು. ಮುಂದೆ ಜಾಜ್ ಹುಟ್ಟಿದ್ದು ಆ ಊರಿನಲ್ಲೇ. ಒಬ್ಬನೇ ಕೂತು ಕಾಲಲ್ಲಿ ದೊಡ್ಡ ಡ್ರಮ್ಮು, ಕೈಯಲ್ಲಿ ಸಣ್ಣ ಡ್ರಮ್ಮು ನುಡಿಸುವ ಕಲೆಯನ್ನು ಬೆಳೆಸಿದವರಲ್ಲಿ ಆ ಊರಿನ ಬೇಬಿ ಡಾಡ್ಸ್‌ನಂಥ ಕರಿಯರೇ ಮುಂದಿದ್ದರು.

1937ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಸವಾಯ್ ನೃತ್ಯಶಾಲೆಯಲ್ಲಿ ಎರಡು ತಂಡಗಳಿಗೆ ಪೈಪೋಟಿ ನಡೆಯಿತು. ಒಂದು ಕಡೆ ಬೆನ್ನುಮೂಳೆಯ ಕ್ಷಯದಿಂದ ಗಿಡ್ಡಾಗಿದ್ದ ಕರಿಯ ಚಿಕ್ ವೆಬ್, ಇನ್ನೊಂದು ಕಡೆ ಬೆನ್ನಿ ಗುಡ್‌ಮನ್ ತಂಡದಲ್ಲಿ ಬಿಳಿಯ ಜೀನ್ ಕ್ರೂಪಾ. ಜನ ಗೆಲುವು ಕೊಟ್ಟದ್ದು ವೆಬ್‌ಗೆ. ಕ್ರೂಪಾ ದೊಡ್ಡ ಮನಸ್ಸಿನಿಂದ ಸೋಲು ಒಪ್ಪಿಕೊಂಡ. ಆದರೆ ಆ ಕಾಲದ ಸ್ಲಿಂಗರ್‌ಲ್ಯಾಂಡ್ ಕಂಪನಿಯ 'ರೇಡಿಯೋ ಕಿಂಗ್' ಡ್ರಮ್ಮು ಮನೆಮಾತಾದದ್ದು ಕ್ರೂಪಾ ಹೆಸರಿನ ಜಾಹೀರಾತಿನಿಂದ. ಎರಡು ವರ್ಷಕ್ಕೆ, 1939ರಲ್ಲಿ, ವೆಬ್ ತೀರಿಕೊಂಡ. ಡ್ರಮ್ಮು ಯಾವ ಕಾರ್ಖಾನೆಯದು ಅಂತ ಬಿಲ್ಲೆ ಹೇಳುತ್ತದೆ. ಯಾರ ಕೈ ಅದಕ್ಕೆ ಮಾತು ಕಲಿಸಿತು ಅಂತ ಹೇಳೋಕೆ ಬಿಲ್ಲೆಯಲ್ಲಿ ಜಾಗವಿಲ್ಲ.

ಅಮೆರಿಕದ ತನಕ ಯಾಕೆ ಹೋಗಬೇಕು, ನಮ್ಮ ದಕ್ಷಿಣದ ಮೃದಂಗವನ್ನೇ ನೋಡಿ. ಇಲ್ಲಿ ಕಥೆ ಉಲ್ಟಾ. ನುಡಿಸಿದವರ ಹೆಸರು ಗೊತ್ತು, ಮಾಡಿದವರದ್ದು ಗೊತ್ತಿಲ್ಲ. ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ತೊಗಲೂ ಬೇಕು. ಅದನ್ನು ಹದ ಮಾಡಿ, ಕೊಯ್ದು, ಬಿಗಿದು ಕೊಡೋರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ಹಾಡುಗಾರ ಟಿ.ಎಂ. ಕೃಷ್ಣ ಅವರ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನೋ ಪುಸ್ತಕ ಬರೆದರು. ಪಾಲ್ಘಾಟ್ ಮಣಿ ಅಯ್ಯರ್ ಹೆಸರು ಸಂಗೀತ ಬಲ್ಲವರ ಬಾಯಲ್ಲೆಲ್ಲಾ ಇದೆ. ಅವರಿಗೆ ಮೃದಂಗ ಮಾಡಿಕೊಟ್ಟ ತಂಜಾವೂರಿನ ಪರ್ಲಾಂದು ಅನ್ನೋ ಹೆಸರು ಎಷ್ಟು ಜನ ಕೇಳಿದ್ದರು? 2020ರಲ್ಲಿ ಆ ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು ಆಮೇಲೆ ಅನುಮತಿ ವಾಪಸ್ ತಗೊಂಡಿತು. ಮೃದಂಗ ವೇದಿಕೆ ಮೇಲೆ ಕೂರಬಹುದು. ಅದನ್ನು ಮಾಡಿದವನ ಕಥೆ ಕೂತರೆ ವಿವಾದ.

ಇನ್ನು ತಮಟೆಗೆ ಬನ್ನಿ. ಇದರಲ್ಲಿ ಮಾಡಿದವನ ಹೆಸರೂ ಇಲ್ಲ, ಬಡಿದವನ ಹೆಸರೂ ಇಲ್ಲ. ಎರಡೂ ಒಂದೇ ಕೇರಿಯವು. ಊರಿನವರು ಆ ಕೇರಿಯವರನ್ನು ಹೆಸರು ಹಿಡಿದು ಕೂಗಿದ್ದೇ ಕಡಿಮೆ. 'ತಮಟೆಯೋರು ಬಂದ್ರಾ?' ಅಂತಲೇ ಕೇಳಿದ್ದು.

*

ನಾವು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಮ್ಮಪ್ಪ ತಮಟೆ ಬಿಟ್ಟ. ಅಲ್ಲಿವರೆಗೆ ಊರಲ್ಲಿ ಸಾವಾದರೆ ರಾತ್ರಿ ಎಷ್ಟೊತ್ತಿಗಾದರೂ ಕೇರಿಗೆ ಆಳು ಬರುತ್ತಿದ್ದ. ಹೆಣ ಎತ್ತೋವರೆಗೆ ಬಡೀಬೇಕು, ಮಣ್ಣಾಗೋವರೆಗೆ ಮುಂದೆ ಮುಂದೆ ನಡೀಬೇಕು. ಕೂಲಿ ಅಂದರೆ ಒಂದು ಮೊರ ರಾಗಿ, ಒಂದು ಕ್ವಾರ್ಟರು ಬಾಟ್ಲಿ. ಮೈಸೂರು ಸರ್ಕಾರ 1961ರಲ್ಲೇ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ತಂದು ವಂಶಪಾರಂಪರ್ಯ ಚಾಕರಿಗಳನ್ನು ಕಾಗದದ ಮೇಲೆ ತೆಗೆದುಹಾಕಿತ್ತು. ಕಾಗದ ಊರ ಒಳಗೆ ಬರಲಿಲ್ಲ. ಅಪ್ಪ ಬಿಟ್ಟದ್ದು ಕಾಯ್ದೆ ಓದಿ ಅಲ್ಲ. ನಮ್ಮ ಮಾರ್ಕ್ಸ್ ಕಾರ್ಡ್ ತಗೊಂಡು ಬಂದ ದಿನವೇ ಗೌಡರ ಮನೆಯಲ್ಲಿ ಒಂದು ಸಾವಾಗಿತ್ತು. ಆಳು ಬಂದವನು ಅಪ್ಪನಿಗೆ 'ನಿನ್ನ ಮಗನ್ನೂ ಕರ್ಕೊಂಡು ಬಾ, ಒಂದು ಕೈ ಆಗ್ತಾನೆ' ಅಂದ. ಅಪ್ಪ ಹೋಗಲಿಲ್ಲ. ಆಮೇಲೆ ಏನೇನಾಯಿತು ಅನ್ನೋದು ಬೇರೆ ಕಥೆ. ಈ ಪತ್ರಿಕೆ ಓದೋರಿಗೆ ಅದನ್ನು ಹೇಳೋ ಅಗತ್ಯವಿಲ್ಲ.

ಅಟ್ಟದ ಮೇಲಿದ್ದ ತಮಟೆಯನ್ನು ಒಂದು ದಿನ ಗುಜರಿಯವನು ಬಂದಾಗ ಅವ್ವ ಒಂದು ಪ್ಲಾಸ್ಟಿಕ್ ಬಕೀಟಿಗೆ ಕೊಟ್ಟಳು.

ಬಜಾರಿನಿಂದ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆವು, "ಅಪ್ಪಾ, ಅಂಥದ್ದಕ್ಕೆ ಈಗ ಒಂಬತ್ತು ಸಾವಿರ." ಅಪ್ಪನಿಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. "ಬಕೀಟು ಇನ್ನೂ ಐತೆ. ಅದರಾಗೆ ಇಷ್ಟು ವರ್ಷ ನೀರು ಹೊತ್ತಿದೀವಿ. ತಮಟೆಯಾಗೆ ಏನು ಹೊತ್ತಿದ್ವಿ?" ಅಂದ.

ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಹೀನ ಚಾಕರಿ ಬಿಡಿ ಅಂದಾಗ ಜನ ಬಿಟ್ಟದ್ದು ಇದೇ ಸಂಕಟದಲ್ಲಿ. ಬಿಟ್ಟರೆ ಹೊಟ್ಟೆಗೆ ಕಷ್ಟ, ಬಿಡದಿದ್ದರೆ ಮಾನಕ್ಕೆ ಕಷ್ಟ. ನಮ್ಮಪ್ಪ ಬಿಟ್ಟದ್ದಕ್ಕೇ ನಾವು ಪದವೀಧರರಾದೆವು. ಈಗ ಅವನು ಬಿಟ್ಟದ್ದನ್ನೇ ಬಜಾರಿನಲ್ಲಿ ಹುಡುಕುತ್ತಾ ಅಲೆಯುತ್ತಿದ್ದೇವೆ. ಹಾಗಾದರೆ ಆ ರೆಸಾರ್ಟಿನವನಿಗೂ ನಮಗೂ ಏನು ವ್ಯತ್ಯಾಸ?

*

ಇಲ್ಲಿ ನಮ್ಮ ಸಾಹಿತ್ಯದ ಮಾತು ಬರುತ್ತದೆ. ಕಹಿಯಾದರೂ ಹೇಳಲೇಬೇಕು.

ದಲಿತ-ಬಂಡಾಯದ ಕಾವ್ಯದಲ್ಲಿ ತಮಟೆ ಎಷ್ಟು ಸಲ ಬಂದಿದೆ, ಎಣಿಸಿ ನೋಡಿ. ಮೊದಲಿನವರು ಬರೆದಾಗ ಅದು ನಿಜವಾಗಿ ಬೆಂಕಿಗೆ ಹಿಡಿದ ತಮಟೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, ಅಕ್ಷರದ ಮೆಟ್ಟಿಲು ಹತ್ತಲು ಬಿಡದ ಕೇರಿಯ ಸದ್ದೇ ಪುಸ್ತಕವಾಗಿ ಬಂತು. ಆ ಪದ್ಯಗಳನ್ನು ಮೆರವಣಿಗೆಯಲ್ಲಿ ಹಾಡಿದವರ ಕೈಯಲ್ಲಿ ತಮಟೆಯೂ ಇತ್ತು. ಶವದ ಮುಂದೆ ಬಡಿಯುತ್ತಿದ್ದದ್ದನ್ನು ಕಚೇರಿಯ ಮುಂದೆ ಬಡಿದರು. ಅದು ದೊಡ್ಡ ಕೆಲಸ, ಅದರ ಸಾಲ ನಮ್ಮ ಮೇಲಿದೆ.

ನಾವು ಮಾಡಿದ್ದೇನು? ಆ ತಮಟೆಯನ್ನು ಅಲ್ಲಿಂದ ಕಿತ್ತು ತಂದು ನಮ್ಮ ಪದ್ಯದ ಗೋಡೆಗೆ ತೂಗುಹಾಕಿದೆವು. ಸಿಟ್ಟು ಬರಬೇಕಾದ ಕಡೆ ಒಂದು ತಮಟೆ, ಕ್ರಾಂತಿ ಆಗಬೇಕಾದ ಕಡೆ ಒಂದು ತಮಟೆ, ಪದ್ಯ ಮುಗಿಯೋದು ಗೊತ್ತಾಗದ ಕಡೆ ಇನ್ನೊಂದು ತಮಟೆ. ನಮ್ಮದೇ ಮೊದಲ ಸಂಕಲನದ ಹಸ್ತಪ್ರತಿಯಲ್ಲಿ ಹನ್ನೊಂದು ಕಡೆ ಇದೆ. ಬಜಾರಿನಿಂದ ಬಂದ ರಾತ್ರಿ ಕೂತು ಎಣಿಸಿದೆವು. ಆ ಹನ್ನೊಂದರಲ್ಲಿ ಒಂದು ಕಡೆಯಾದರೂ ಬಳೆಗೆ ಯಾವ ಮರ ಅಂತ ಇಲ್ಲ. ಹುಣಸೇಬೀಜ ಅರೆದ ಅಂಟಿನ ವಾಸನೆ ಇಲ್ಲ. ಬಲಗೈಯಲ್ಲಿ ದಪ್ಪ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳನೆ ಉದ್ದ ಕಡ್ಡಿ ಅನ್ನೋದೂ ಇಲ್ಲ. ಸಾವಿನ ಬಡಿತ ಬೇರೆ, ಜಾತ್ರೆಯ ಬಡಿತ ಬೇರೆ, ಸಾರು ಹಾಕೋದು ಬೇರೆ ಅನ್ನೋ ತಿಳುವಳಿಕೆ ಇಲ್ಲ. ಕ್ವಾರ್ಟರು ಬಾಟ್ಲಿ ಅಂತೂ ಮೊದಲೇ ಇಲ್ಲ. ಫಳಫಳ ವಾರ್ನಿಶ್ ಬಳಿದ ತಮಟೆ. ಅಲ್ಲೂ ನಾವು ಸಾಬರಿಗೆ ಕೇಳಿದ ಪ್ರಶ್ನೆಯನ್ನು ನಮಗೇ ಕೇಳಿಕೊಂಡಿರಲಿಲ್ಲ: ಯಾವೂರಿಂದು, ಯಾರು ಬಡೀತಿದ್ರು?

ನವ್ಯರು ಹಳ್ಳಿಯನ್ನು ಪ್ರತಿಮೆ ಮಾಡಿಕೊಂಡರು ಅಂತ ನಾವು ವೇದಿಕೆ ಹತ್ತಿ ಬೈದಿದ್ದೇವೆ. ನಮ್ಮದೇ ತಮಟೆಯನ್ನು ನಾವು ಪ್ರತಿಮೆ ಮಾಡಿದ್ದನ್ನು ಯಾರು ಬೈಯಬೇಕು? ಕಾಲೇಜಿನ ಸಾಂಸ್ಕೃತಿಕ ಸಂಜೆಯಲ್ಲಿ 'ನಿಮ್ಮ ಕಡೆಯ ಒಂದು ತಮಟೆ ಐಟಂ ಇರಲಿ' ಅಂತ ಕರೆಯುತ್ತಾರೆ. ಶಾಲು ಹಾಕುತ್ತಾರೆ. ನಾವೂ ಹೋಗುತ್ತೇವೆ. ಅದೇ ತಮಟೆ ಮಾರನೇ ದಿನ ಹಾಸ್ಟೆಲಿನ ಊಟದ ಸಮಸ್ಯೆಗೆ ಬಡಿದರೆ ಅದು ಗಲಾಟೆ. ಸದ್ದು ಯಾವತ್ತು ಕಲೆ, ಯಾವತ್ತು ಗಲಾಟೆ ಅನ್ನೋದನ್ನು ತೀರ್ಮಾನ ಮಾಡೋರು ಬೇರೆಯವರಾಗಿರುವ ತನಕ ನಮ್ಮ ಪದ್ಯವೂ ಆ ಅಂಗಡಿಯ ಮಾಲೇ.

ಹಾಗಂತ ಬಿಟ್ಟುಬಿಡೋಣ ಅಂತಲೂ ನಾವು ಹೇಳುತ್ತಿಲ್ಲ. ಶಿಡ್ಲಘಟ್ಟ ತಾಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಪ್ರಶಸ್ತಿಯಿಂದ ಕೇರಿಯ ಹೊಟ್ಟೆ ತುಂಬೋದಿಲ್ಲ, ಗೊತ್ತು. ಆದರೆ ಅಲ್ಲಿ ತಮಟೆಯ ಜೊತೆ ಒಬ್ಬ ಮನುಷ್ಯನ ಹೆಸರಿದೆ, ಒಂದು ಊರಿನ ಹೆಸರಿದೆ. ಗೋಡೆಯ ಮೇಲಿನದರಲ್ಲಿ ಅದಿಲ್ಲ. ನಮ್ಮ ಅರ್ಥದಲ್ಲಿ ಬೆಲೆ ಅಂದರೆ ಮೊದಲು ಅದು.

*

ತಂಡದಲ್ಲಿ ಜಗಳವಾಯಿತು. ಒಬ್ಬ, ತಮಟೆಯೇ ಬೇಡ, ಅಪ್ಪಂದಿರು ಬಿಟ್ಟದ್ದು ಬಿಟ್ಟದ್ದೇ ಅಂದ. ಇನ್ನೊಬ್ಬ, ಚಂದಾ ಎತ್ತಿ ಒಂಬತ್ತು ಸಾವಿರ ಕೊಟ್ಟು ಆ ತಮಟೆಯನ್ನು ಬಿಡಿಸಿಕೊಂಡು ಬರೋಣ ಅಂದ. ನಮ್ಮ ತಂಡದ ಹುಡುಗಿಯೊಬ್ಬಳು ಕೇಳಿದ್ದು ಒಂದೇ ಮಾತು: "ಆ ದುಡ್ಡು ಯಾರ ಕೈ ಸೇರುತ್ತೆ?" ಅವಳ ಕೇರಿಯಲ್ಲಿ ಹೆಂಗಸರು ತಮಟೆ ಮುಟ್ಟುವ ಹಾಗಿರಲಿಲ್ಲ. ಈಗ ತಂಡದಲ್ಲಿ ಬಡಿಯೋಳು ಅವಳೇ. ಅವಳ ಮಾತಿಗೆ ಎಲ್ಲರೂ ಸುಮ್ಮನಾದೆವು.

ಕೊನೆಗೆ ಪಕ್ಕದ ತಾಲೂಕಿನ ಒಂದು ಕೇರಿಗೆ ಹೋದೆವು. ತಮಟೆ ಕಟ್ಟುವ ತಾತ ಒಬ್ಬರಿದ್ದಾರೆ. ಈಗ ಕೆಲಸ ಕಡಿಮೆ. ಎಲ್ಲರೂ ಫೈಬರಿಗೆ ಹೋಗಿದ್ದಾರೆ ಅಂದರು. ಅಮೆರಿಕದಲ್ಲೂ 1957ರ ಹೊತ್ತಿಗೇ ತೊಗಲು ಹೋಗಿ ಪ್ಲಾಸ್ಟಿಕ್ ಬಂತು ತಾತ, ಅಲ್ಲೂ ಮಳೆ ಚಳಿಯ ಕಾಟವೇ ಅಂತ ಹೇಳಿದರೆ ನಕ್ಕರು. "ಅವರಿಗೆ ಮಳೆ ಒಂದೇ ಕಾಟ. ನಮಗೆ ತೊಗಲು ತರೋದೇ ಕಾಟ. 2020ರ ಕಾಯ್ದೆ ಬಂದಮ್ಯಾಲೆ ಸತ್ತ ದನದ ತೊಗಲು ಸೈಕಲ್ ಮ್ಯಾಲೆ ಹಾಕ್ಕಂಡು ಬಂದ್ರೂ ನಾಕು ಜನ ನಿಲ್ಲಿಸ್ತಾರೆ" ಅಂದರು.

ಹನ್ನೆರಡು ದಿನ ಹಿಡಿಯಿತು. ಎರಡೂವರೆ ಸಾವಿರ ಕೇಳಿದರು, ಮೂರು ಕೊಟ್ಟೆವು. ಹೊಸ ತಮಟೆ ಹಳೇ ತಮಟೆಗಿಂತ ಅಗ್ಗ ಅನ್ನೋದು ಆ ದಿನ ಗೊತ್ತಾಯಿತು. ಬಳೆಯ ಒಳಮೈಯಲ್ಲಿ ಅವರ ಹೆಸರು, ಊರು, ಇಸವಿ ಬರೆಯುತ್ತೇವೆ ಅಂದೆವು. "ಯಾಕಪ್ಪ, ನಾಳೆ ಸ್ವರ ಕೆಟ್ರೆ ಹುಡುಕ್ಕಂಡು ಬಂದು ಜಗಳ ಆಡೋಕಾ?" ಅಂದರು. ಆಮೇಲೆ ತಾವೇ ಮಸಿ ತರಿಸಿ, ಅಕ್ಷರ ಬಾರದ್ದರಿಂದ ಮೊಮ್ಮಗಳ ಕೈಲಿ ಬರೆಸಿದರು. ಪತ್ರಿಕೆಯಲ್ಲಿ ಮಾತ್ರ ಹಾಕಬೇಡಿ, ತೊಗಲಿನ ವಿಷಯ ಅಂದರು. ಅದಕ್ಕೇ ಇಲ್ಲಿ ಹಾಕಿಲ್ಲ. ಹೆಸರು ಬಳೆಯ ಮೇಲಿದೆ.

ಓದುಗ ಗೆಳೆಯರಲ್ಲಿ, ಅದರಲ್ಲೂ ಹಳ್ಳಿ ಶಾಲೆಗಳ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಕೇರಿಯಲ್ಲಿ ತಮಟೆ, ಹಲಗೆ, ಹರೆ ಯಾವುದೇ ಇರಲಿ, ಕಟ್ಟಿದವರು ಯಾರು, ಬಡಿದವರು ಯಾರು, ಯಾವ ಮನೆಯವರ ಎದುರು ಯಾವ ಕೂಲಿಗೆ ಬಡಿದರು, ಯಾರು ಯಾವ ವರ್ಷ ಬಿಟ್ಟರು, ಬಿಟ್ಟದ್ದಕ್ಕೆ ಊರು ಏನು ಮಾಡಿತು, ಇದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಬಿಟ್ಟವರ ಹೆಸರನ್ನು ಮೊದಲು ಬರೆಯಿರಿ. ಗುಜರಿಯವನಿಗೆ ಕೊಡೋರನ್ನು ತಡೆಯಬೇಡಿ, ಅವರ ಮನೆಗೆ ಬಕೀಟು ಬೇಕಿರಬಹುದು. ಕೊಡುವ ಮುಂಚೆ ಹೆಸರು ಬರೆದುಕೊಳ್ಳಿ, ಅಷ್ಟೆ.

ನಮ್ಮ ತಂಡ ಯಾರ ಸಾವಿಗೂ, ಯಾರ ಹುಕುಂಗೂ ಬಡಿಯೋದಿಲ್ಲ. ಹೋದ ತಿಂಗಳು ಊರಿಗೆ ನಾಟಕ ತಗೊಂಡು ಹೋಗಿದ್ದೆವು. ಆ ಹುಡುಗಿ ತಮಟೆಯನ್ನು ಬೆಂಕಿಗೆ ಹಿಡಿಯುತ್ತಿದ್ದಾಗ ಅಪ್ಪ ದೂರ ನಿಂತು ನೋಡುತ್ತಿದ್ದ. ಹತ್ತಿರ ಬಂದು, "ಇನ್ನಷ್ಟು ಕಾಯಲಿ ಕಣವ್ವ, ಇನ್ನೂ ಸ್ವರ ಎದ್ದಿಲ್ಲ" ಅಂದು ವಾಪಸ್ ಹೋಗಿ ಕೂತ. ತಮಟೆ ಮುಟ್ಟಲಿಲ್ಲ. ನಾವೂ ಮುಟ್ಟು ಅನ್ನಲಿಲ್ಲ.